ಊರ ನಡುವೆ ತೋಟ ಇರುವ ದೊಡ್ಡ ಹೋಟೆಲ್: ತೋಟದ ಕಡೆಯ ರೂಮಿಗೆ ಜಾಸ್ತಿ ದುಡ್ಡು ಕೊಡಬಹುದಾ?

ಕಿಟಕಿಪಕ್ಕ

ಎಲ್ಲರಿಗೂ ನಮಸ್ಕಾರ. ಅಮ್ಮನನ್ನು ಕರೆದುಕೊಂಡು ಒಂದು ಪ್ರವಾಸ ಮಾಡಬೇಕು ಅಂದುಕೊಂಡಿದ್ದೇನೆ. ಇಟಲಿ, ಲಂಡನ್ ಅಥವಾ ಟೋಕಿಯೋ. ಇನ್ನೂ ತೀರ್ಮಾನ ಆಗಿಲ್ಲ. ಅಮ್ಮನಿಗೆ ಮಂಡಿ ಆಪರೇಷನ್ ಆಗಿದೆ. ಚೆನ್ನಾಗಿಯೇ ನಡೆಯುತ್ತಾರೆ, ಆದರೆ ಆಗಾಗ ಕೂರಬೇಕು. ನೋಡುವ ಜಾಗಗಳೆಲ್ಲ ಹತ್ತಿರ ಇರಲಿ ಅಂತ ಊರ ನಡುವೆಯೇ ಉಳಿಯುವ ಆಸೆ. ಆದರೆ ಇಡೀ ದಿನ ಎಸಿ ರೂಮಿನಲ್ಲಿ ಕೂತರೆ ಅವರಿಗೆ ಉಸಿರು ಕಟ್ಟಿದ ಹಾಗಾಗುತ್ತದೆ. ಅದಕ್ಕೇ ಒಳಗೇ ಸ್ವಂತ ತೋಟ ಇರುವ ಐಷಾರಾಮಿ ಹೋಟೆಲ್‌ಗಳನ್ನು ನೋಡುತ್ತಿದ್ದೇನೆ.

ತೋಟದ ಕಡೆಯ ರೂಮಿಗೂ ರಸ್ತೆ ಕಡೆಯ ರೂಮಿಗೂ ದರದಲ್ಲಿ ತುಂಬಾ ವ್ಯತ್ಯಾಸ ಇದೆ. "ದೊಡ್ಡ ಪಾರ್ಕ್ ಪಕ್ಕ ಮಾಮೂಲಿ ಹೋಟೆಲ್ ತಗೋ, ಸುಮ್ನೆ ದುಡ್ಡು ಸುರಿಯಬೇಡ" ಅನ್ನುತ್ತಾನೆ ತಮ್ಮ. ಇಂಥ ಕಡೆ ಉಳಿದವರು ಹೇಳಿ. ಆ ತೋಟ ನಿಜಕ್ಕೂ ಉಪಯೋಗಕ್ಕೆ ಬರುತ್ತದಾ?

ದಾರಿಹೋಕ

ನಿಮ್ಮ ತಮ್ಮನ ಮಾತಿಗೆ ನನ್ನ ಓಟು. ಮಿಲಾನ್‌ನಲ್ಲಿ ಬ್ರೆರಾ ಸಸ್ಯೋದ್ಯಾನ ಇದೆ. 1774ರಲ್ಲಿ ಶುರುವಾದದ್ದು, ಊರಿನ ಮಧ್ಯದಲ್ಲೇ ಇದೆ, ಟಿಕೆಟ್ ಇಲ್ಲ. ಅದರ ಬೆನ್ನಿಗೇ ಬುಲ್ಗಾರಿ ಹೋಟೆಲ್, ಅವರದೊಂದು 4,000 ಚದರ ಮೀಟರ್ ತೋಟ. ಅಕ್ಕಪಕ್ಕದಲ್ಲೇ ಇರುವ ಎರಡು ತೋಟ. ಒಂದು ಬಿಟ್ಟಿ, ಇನ್ನೊಂದು ಬಲು ದುಬಾರಿ. ಲಂಡನ್‌ನಲ್ಲಂತೂ ಹೈಡ್ ಪಾರ್ಕ್ ಬೆಳಿಗ್ಗೆ 5ರಿಂದ ನಡುರಾತ್ರಿವರೆಗೆ ತೆರೆದಿರುತ್ತದೆ. ಉಳಿದ ದುಡ್ಡಿನಲ್ಲಿ ಇನ್ನೊಂದು ಊರು ನೋಡಬಹುದು.

ನಿಂಬೆಗಿಡ

ದಾರಿಹೋಕ ಸರ್, ನೀವು ಹೇಳಿದ್ದು ಗಟ್ಟಿ ಕಾಲಿನವರಿಗೆ ಸರಿ. ವಯಸ್ಸಾದವರ ಜೊತೆ ಹೋದಾಗ ಲೆಕ್ಕವೇ ಬೇರೆ.

ನಮ್ಮ ಅತ್ತೆಯನ್ನು ಕರೆದುಕೊಂಡು ಹೋದಾಗ ಇಂಥದೇ ಹೋಟೆಲ್‌ನಲ್ಲಿ ಉಳಿದಿದ್ದೆವು. ಪಾರ್ಕಿಗೆ ಹೋಗಬೇಕು ಅಂದರೆ ಯಾರಾದರೂ ಜೊತೆಗೆ ಹೋಗಬೇಕು. ರಸ್ತೆ ದಾಟಬೇಕು. ಭಾಷೆ ಬರುವುದಿಲ್ಲ. ಟಾಯ್ಲೆಟ್ ಎಲ್ಲಿದೆ ಅಂತ ಹುಡುಕಬೇಕು. ಹೀಗಾಗಿ ಅವರು "ಬೇಡ ಬಿಡಮ್ಮ, ನಿಮಗ್ಯಾಕೆ ತೊಂದರೆ" ಅಂತ ರೂಮಿನಲ್ಲೇ ಉಳಿದುಬಿಡುತ್ತಾರೆ. ಹೋಟೆಲ್ ತೋಟದಲ್ಲಿ ಹಾಗಲ್ಲ. ನಾವು ಏಳುವ ಮೊದಲೇ ಅತ್ತೆ ಶಾಲು ಹೊದ್ದುಕೊಂಡು ಲಿಫ್ಟ್ ಇಳಿದು ಒಬ್ಬರೇ ಹೋಗಿ ಕೂರುತ್ತಿದ್ದರು. ಚಳಿ ಅನಿಸಿದರೆ ವಾಪಸ್. ಯಾರನ್ನೂ ಕೇಳಬೇಕಾಗಿಲ್ಲ, ಯಾರಿಗೂ ಕಾಯಬೇಕಾಗಿಲ್ಲ. ಅಲ್ಲಿನ ಮಾಲಿಗೂ ಅವರಿಗೂ ಸ್ನೇಹ ಬೆಳೆಯಿತು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಗೊತ್ತಿಲ್ಲ. ಆತ ಇಬ್ಬನಿ ಬಿದ್ದ ಕಬ್ಬಿಣದ ಕುರ್ಚಿಯನ್ನು ಬಟ್ಟೆಯಿಂದ ಒರೆಸಿ, ಬಿಸಿಲು ಬೀಳುವ ಕಡೆ ತಿರುಗಿಸಿ ಇಡುತ್ತಿದ್ದ. ಇವರು ಒಣಗಿದ ಹೂವನ್ನು ಕೈಯಿಂದಲೇ ಚಿವುಟಿ ಅವನ ಬುಟ್ಟಿಗೆ ಹಾಕುತ್ತಿದ್ದರು.

ನಾವು ದುಡ್ಡು ಕೊಟ್ಟಿದ್ದು ಅದಕ್ಕೆ. ಅವರು ತಮ್ಮಷ್ಟಕ್ಕೆ ತಾವು ಹೊರಗೆ ಹೋಗಿ ಬರುವುದಕ್ಕೆ. ಅಮ್ಮ ಒಬ್ಬರೇ ಆ ತೋಟಕ್ಕೆ ಹೋಗಿ ಬರಬಹುದಾ ಅಂತ ಮೊದಲು ನೋಡಿ. ಆಗದಿದ್ದರೆ ಎಷ್ಟು ಚೆಂದದ ತೋಟ ಇದ್ದರೂ ಪ್ರಯೋಜನ ಇಲ್ಲ.

ಹಳೇ ಫ್ರಂಟ್ ಆಫೀಸ್

ನಾನು ಹೋಟೆಲ್‌ಗಳಲ್ಲಿ ಫ್ರಂಟ್ ಆಫೀಸ್ ಕೆಲಸ ಮಾಡಿ ನಿವೃತ್ತನಾದವನು. ನಿಂಬೆಗಿಡ ಅವರು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಬುಕಿಂಗ್ ಬಗ್ಗೆ ಒಂದಿಷ್ಟು ಹೇಳುತ್ತೇನೆ, ಯಾಕೆಂದರೆ ಜಗಳ ಆಗುವುದೇ ಅಲ್ಲಿ.

ರೂಮಿನ ಹೆಸರಿನಲ್ಲಿ 'ಗಾರ್ಡನ್' ಅಂತ ಇದ್ದರೆ ತೋಟಕ್ಕೆ ಬಾಗಿಲು ಇದೆ ಅಂತ ಅಲ್ಲ. 'ಗಾರ್ಡನ್ ವ್ಯೂ' ಅಂದರೆ ಕಿಟಕಿಯಿಂದ ತೋಟ ಕಾಣುತ್ತದೆ, ಅಷ್ಟೇ. 'ಪಾರ್ಷಿಯಲ್ ವ್ಯೂ' ಅಂತ ಇದ್ದರೆ ಓರೆಯಾಗಿ ಒಂದು ತುದಿ ಕಾಣಬಹುದು. 'ಗಾರ್ಡನ್ ಆಕ್ಸೆಸ್' ಅಥವಾ 'ಗಾರ್ಡನ್ ಟೆರೇಸ್' ಅಂತ ಇದ್ದರೆ ಮಾತ್ರ ಹೊರಗೆ ಕಾಲಿಡುವ ಜಾಗ ಇರುವ ಸಾಧ್ಯತೆ. ಅದನ್ನೂ ಕೇಳಿ ಖಚಿತ ಮಾಡಿಕೊಳ್ಳಿ.

ಎರಡನೆಯದು ಇನ್ನೂ ಮುಖ್ಯ. ನೀವು ಬುಕ್ ಮಾಡಿದ ಕೆಟಗರಿಯನ್ನು ಹೋಟೆಲ್ ಕೊಡಲೇಬೇಕು. ಆದರೆ ಕಡಿಮೆ ದರದ ರೂಮು ತಗೊಂಡು, 'ತೋಟದ ಕಡೆ ಕೊಡಿ' ಅಂತ ಕೆಳಗೆ ಬರೆದರೆ ಅದು ಬರೀ ರಿಕ್ವೆಸ್ಟ್. ಖಾಲಿ ಇದ್ದರೆ ಕೊಡುತ್ತಾರೆ. ಸಾಮಾನ್ಯವಾಗಿ ಹಿಂದಿನ ದಿನ ಅಥವಾ ಅವತ್ತೇ ಬೆಳಿಗ್ಗೆ ರೂಮ್ ಬ್ಲಾಕ್ ಮಾಡುತ್ತಾರೆ, ಅಂದರೆ ಯಾರಿಗೆ ಯಾವ ರೂಮು ಅಂತ ಗೊತ್ತು ಮಾಡುತ್ತಾರೆ. ಹಾಗಾಗಿ ಹೋಗುವ ಒಂದೆರಡು ದಿನ ಮೊದಲು ಇನ್ನೊಂದು ಮೇಲ್ ಹಾಕಿ. 'ಅಮ್ಮನಿಗೆ ಮಂಡಿ ಆಪರೇಷನ್ ಆಗಿದೆ, ಲಿಫ್ಟ್ ಹತ್ತಿರ ಇರಲಿ' ಅಂತ ಕಾರಣ ಬರೆಯಿರಿ. ಕಾರಣ ಗೊತ್ತಿದ್ದರೆ ಡ್ಯೂಟಿಯಲ್ಲಿರುವವರು ನಿಜಕ್ಕೂ ಕಷ್ಟಪಟ್ಟು ಹುಡುಕುತ್ತಾರೆ. ನಾವೂ ಹುಡುಕುತ್ತಿದ್ದೆವು.

ಮೂಲೆ ರೂಮು ದೊಡ್ಡದು ಅಂತ ಖುಷಿಪಡಬೇಡಿ. ಎರಡು ಕಡೆ ಕಿಟಕಿ ಇದ್ದರೆ ಒಂದು ರಸ್ತೆಗೆ ಇರಬಹುದು. ತೋಟದ ಕಡೆಯ ವಿಂಗ್ ಕೆಲವು ಕಡೆ ಲಾಬಿಯಿಂದ ತುಂಬಾ ದೂರ. ಉದ್ದದ ಕಾರಿಡಾರ್ ನಡೆದೇ ಅಮ್ಮ ಸುಸ್ತಾದರೆ ತೋಟಕ್ಕೆ ಯಾರು ಹೋಗುತ್ತಾರೆ?

ಮಳೆಹನಿ

ನೆಲಮಹಡಿಯ ರೂಮು, ನೇರ ತೋಟಕ್ಕೆ ಬಾಗಿಲು. ನನಗೆ ಇದಕ್ಕಿಂತ ದೊಡ್ಡ ಸುಖ ಇಲ್ಲ. ಬರಿಗಾಲಲ್ಲಿ ಹುಲ್ಲಿಗೆ ಇಳಿಯಬಹುದು. ಅಮ್ಮನಿಗೂ ಲಿಫ್ಟ್ ಗೋಜಿಲ್ಲ.

ಅಲೆಮಾರಿ

ಮಳೆಹನಿ ಅವರೇ, ನೆಲಮಹಡಿಯಲ್ಲಿ ಒಂದು ತೊಂದರೆ ಇದೆ. ಹಗಲು ಹೊತ್ತು ತೆಳು ಪರದೆ ಎಳೆದರೆ ಹೊರಗಿನವರಿಗೆ ಒಳಗಿನದು ಕಾಣುವುದಿಲ್ಲ. ಕತ್ತಲಾಗಿ ರೂಮಿನಲ್ಲಿ ದೀಪ ಹಾಕಿದ ಕೂಡಲೇ ಪೂರ್ತಿ ಉಲ್ಟಾ. ತೋಟದಲ್ಲಿ ಓಡಾಡುವವರಿಗೆ ನೀವು ಮಂಚದ ಮೇಲೆ ಕೂತದ್ದು ಸ್ಪಷ್ಟವಾಗಿ ಕಾಣುತ್ತದೆ. ಆಗ ದಪ್ಪ ಪರದೆ ಎಳೆಯಲೇಬೇಕು. ಸಂಜೆ ತೋಟ ನೋಡಬೇಕು ಅಂತ ದುಡ್ಡು ಕೊಟ್ಟು ಪರದೆ ನೋಡಿಕೊಂಡು ಕೂತ ಹಾಗೆ. ರೂಮಿನ ಮುಂದೆ ಪೊದೆಬೇಲಿಯೋ ಸಣ್ಣ ಗೋಡೆಯೋ ಇದ್ದರೆ ಮಾತ್ರ ನೆಲಮಹಡಿ ತಗೊಳ್ಳಿ.

ನನ್ನ ಆಯ್ಕೆ ಎರಡನೇ ಅಥವಾ ಮೂರನೇ ಮಹಡಿ. ಮರದ ನೆತ್ತಿ ಕಿಟಕಿಯ ಮಟ್ಟಕ್ಕೆ ಬರುತ್ತದೆ. ಹಕ್ಕಿಗಳು ಕಣ್ಣಿನ ನೇರಕ್ಕೇ ಕೂರುತ್ತವೆ. ಅದಕ್ಕಿಂತ ಮೇಲೆ ಹೋದರೆ ತೋಟ ಕಾಣುವುದು ಬಗ್ಗಿ ನೋಡಿದರೆ ಮಾತ್ರ.

ಇಟಲಿ ಬಗ್ಗೆ ಹೇಳುವುದಾದರೆ, ಫ್ಲಾರೆನ್ಸ್‌ನ ಫೋರ್ ಸೀಸನ್ಸ್ ಒಮ್ಮೆ ನೋಡಿ. 15ನೇ ಶತಮಾನದ ಗೆರಾರ್ದೆಸ್ಕಾ ಅರಮನೆ ಅದು. 2008ರಲ್ಲಿ ಹೋಟೆಲ್ ಆಯಿತು. ತೋಟ ಸುಮಾರು 11 ಎಕರೆ. ಅಷ್ಟು ಒತ್ತೊತ್ತಾದ ಹಳೇ ಊರಿನಲ್ಲಿ ಗೋಡೆಯ ಹಿಂದೆ ಇಷ್ಟು ದೊಡ್ಡ ತೋಟ ಇದೆ ಅಂತ ರಸ್ತೆಯಲ್ಲಿ ಹೋಗುವವರಿಗೆ ಗೊತ್ತೇ ಆಗುವುದಿಲ್ಲ. ಬಹುಪಾಲು ಸಮತಟ್ಟು. ಒಂದು ವಿಷಯ ಗಮನಿಸಿ: ಅಲ್ಲಿ ಎರಡು ಕಟ್ಟಡ ಇವೆ, ತೋಟದ ಒಂದೊಂದು ತುದಿಗೆ ಒಂದೊಂದು. ಚಿಕ್ಕ ಕಟ್ಟಡದಲ್ಲಿ ರೂಮು ತಗೊಂಡರೆ ಅರಮನೆಯ ಕಡೆಗೆ ಬರಲು ತೋಟ ದಾಟಬೇಕು. ನನಗೆ ಅದೇ ಖುಷಿ. ಮಂಡಿ ನೋವಿನವರಿಗೆ, ಅದೂ ಮಳೆ ಬಂದ ದಿನ, ಯೋಚಿಸಬೇಕು.

ರೋಮ್‌ನ ಹೋಟೆಲ್ ದೆ ರೂಸಿ ನನಗೆ ತುಂಬಾ ಇಷ್ಟ. ಪಿಯಾಜಾ ದೆಲ್ ಪೊಪೊಲೊ ಚೌಕಕ್ಕೆ ಅಂಟಿಕೊಂಡೇ ಇದೆ. ವಾಸ್ತುಶಿಲ್ಪಿ ಜುಸೆಪ್ಪೆ ವಲಾದಿಯೆ ರೂಪಿಸಿದ ತೋಟ, ಹಂತ ಹಂತವಾಗಿ ಪಿಂಚೊ ಗುಡ್ಡದ ಕಡೆಗೆ ಏರುತ್ತಾ ಹೋಗುತ್ತದೆ. 1917ರಲ್ಲಿ ಪಿಕಾಸೊ ಇಲ್ಲಿ ಉಳಿದಿದ್ದರು. ಆದರೆ ಹಂತ ಅಂದರೆ ಮೆಟ್ಟಿಲು. ಅಮ್ಮ ಕೆಳಗಿನ ಅಂಗಳದಲ್ಲೇ ಕೂರಬೇಕಾಗುತ್ತದೆ. ಅಲ್ಲಿ ರೆಸ್ಟೋರೆಂಟ್ ಟೇಬಲ್‌ಗಳಿವೆ, ಜನ ಇರುತ್ತಾರೆ.

ಕಿಟಕಿಪಕ್ಕ

ಅಲೆಮಾರಿ ಅಣ್ಣಾ, ಮೆಟ್ಟಿಲಿನ ವಿಷಯ ಹೇಳಿದ್ದು ತುಂಬಾ ಒಳ್ಳೆಯದಾಯಿತು. ಫೋಟೋಗಳಲ್ಲಿ ಅದು ಗೊತ್ತೇ ಆಗುವುದಿಲ್ಲ. ಇನ್ನೊಂದು ಪ್ರಶ್ನೆ. ತುಂಬಾ ತೋಟಗಳಲ್ಲಿ ದಾರಿಗೆ ಸಣ್ಣ ಜಲ್ಲಿಕಲ್ಲು ಹಾಸಿರುವುದು ಕಾಣುತ್ತದೆ. ಅದರ ಮೇಲೆ ಅಮ್ಮ ನಡೆಯಬಹುದಾ?

ನಡೆಮಡಿ

ನಾನು ಫಿಸಿಯೋಥೆರಪಿ ಮಾಡುವವಳು. ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ.

ಬಿಡಿ ಜಲ್ಲಿ ಕಾಲಿನ ಕೆಳಗೆ ಜಾರುತ್ತದೆ. ಪ್ರತಿ ಹೆಜ್ಜೆಗೂ ಮಂಡಿ ಮತ್ತು ಪಾದದ ಕೀಲು ಸಮತೋಲನಕ್ಕೆ ಜಾಸ್ತಿ ಕೆಲಸ ಮಾಡಬೇಕು. ಕೋಲು ಹಿಡಿದರೆ ಕೋಲಿನ ತುದಿ ಒಳಗೆ ಇಳಿಯುತ್ತದೆ. ವೀಲ್‌ಚೇರಿನ ಮುಂದಿನ ಚಿಕ್ಕ ಚಕ್ರಗಳು ಹೂತು ನಿಂತುಬಿಡುತ್ತವೆ. ಗಟ್ಟಿಯಾಗಿ ಕುಟ್ಟಿದ ಮಣ್ಣು, ಕಲ್ಲುಹಾಸು, ಇಟ್ಟಿಗೆ ದಾರಿ ಪರವಾಗಿಲ್ಲ. ಒದ್ದೆಯಾದ ಪಾಚಿ ಕಟ್ಟಿದ ಕಲ್ಲು ಮಾತ್ರ ಜಲ್ಲಿಗಿಂತ ಅಪಾಯ. ಅದೂ ನೆರಳಿನ ಹಳೇ ತೋಟಗಳಲ್ಲೇ ಜಾಸ್ತಿ.

ಯಾರೂ ಕೇಳದ ಇನ್ನೊಂದು ಪ್ರಶ್ನೆ: ತೋಟದ ಕುರ್ಚಿ ಎಷ್ಟು ಎತ್ತರ ಇದೆ? ಐಷಾರಾಮಿ ಜಾಗಗಳಲ್ಲಿ ಮೆತ್ತನೆಯ, ನೆಲಕ್ಕೆ ಹತ್ತಿರದ ಸೋಫಾ ಹಾಕಿರುತ್ತಾರೆ. ನೋಡಲು ಚೆಂದ. ಮಂಡಿ ಆಪರೇಷನ್ ಆದವರಿಗೆ ಅದರಿಂದ ಏಳುವುದೇ ಕಷ್ಟ. ಸೀಟು ಮಂಡಿಯ ಮಟ್ಟಕ್ಕೆ ಇರಬೇಕು ಅಥವಾ ಒಂಚೂರು ಮೇಲಿರಬೇಕು. ಎರಡು ಕಡೆ ಕೈ ಇರಬೇಕು, ಕೂತರೆ ಒಳಗೆ ಇಳಿಯಬಾರದು. ಊಟದ ಟೇಬಲ್ ಕುರ್ಚಿಯಂಥದ್ದು ಒಂದನ್ನು ತೋಟದಲ್ಲಿ ಹಾಕಿಕೊಡಿ ಅಂತ ಕೇಳಿದರೆ ಯಾವ ಹೋಟೆಲ್ ಆದರೂ ಹಾಕಿಕೊಡುತ್ತದೆ. ಬಾಗಿಲಿನಿಂದ ಮೊದಲ ಬೆಂಚಿಗೆ ಎಷ್ಟು ದೂರ ಅಂತಲೂ ಕೇಳಿ.

ನೀಲಿಕೊಡೆ

ನನ್ನದು ಕಹಿ ಅನುಭವ. ಹೋಟೆಲ್ ಹೆಸರು ಹೇಳುವುದಿಲ್ಲ. ತೋಟದ ಕಡೆಯ ರೂಮು, ಒಳ್ಳೆ ದರ ಕೊಟ್ಟು ಬುಕ್ ಮಾಡಿದ್ದೆವು. ಮೊದಲ ದಿನ ಸ್ವರ್ಗ. ಎರಡನೇ ದಿನ ಮಧ್ಯಾಹ್ನ ಲಾರಿಯಲ್ಲಿ ಕಬ್ಬಿಣದ ಕಂಬ, ದೀಪ, ಸ್ಪೀಕರ್ ಎಲ್ಲ ಬಂದವು. ಹುಲ್ಲಿನ ಮೇಲೆ ಹಲಗೆ ಹಾಸಿದರು. ಯಾರದೋ ಮದುವೆ ಪಾರ್ಟಿ. ತೋಟಕ್ಕೆ ಹಗ್ಗ ಕಟ್ಟಿ, 'ಇವತ್ತು ಪ್ರವೇಶ ಇಲ್ಲ' ಅಂತ ಬೋರ್ಡು ಇಟ್ಟರು. ರಾತ್ರಿ ತುಂಬಾ ಹೊತ್ತಿನವರೆಗೆ ನಮ್ಮ ಕಿಟಕಿಯ ಗಾಜು ನಡುಗುತ್ತಿತ್ತು. ರಸ್ತೆ ಕಡೆಯ ಅಗ್ಗದ ರೂಮಿನವರು ಆರಾಮವಾಗಿ ಮಲಗಿದ್ದರು. ದೂರು ಕೊಟ್ಟರೆ 'ಕಾರ್ಯಕ್ರಮ ಮೊದಲೇ ನಿಗದಿಯಾಗಿತ್ತು' ಅಂದರು. ಮೊದಲೇ ಗೊತ್ತಿದ್ದರೆ ನಮಗೆ ಹೇಳಬೇಕಿತ್ತು ಅಲ್ವಾ? ಈಗಲೂ ಸಿಟ್ಟು ಇಳಿದಿಲ್ಲ.

ಹಳೇ ಫ್ರಂಟ್ ಆಫೀಸ್

ನೀಲಿಕೊಡೆ ಅವರೇ, ನಿಮ್ಮ ಸಿಟ್ಟು ನ್ಯಾಯವಾದದ್ದು. ಹೇಳದೇ ಇದ್ದದ್ದು ತಪ್ಪೇ. ಮದುವೆ, ಪಾರ್ಟಿ ನೋಡಿಕೊಳ್ಳುವ ಬ್ಯಾಂಕ್ವೆಟ್ ವಿಭಾಗದ ಬುಕಿಂಗ್ ಬೇರೆ, ರೂಮ್ ಬುಕಿಂಗ್ ಬೇರೆ. ರೂಮ್ ಕೊಡುವವರು ಬ್ಯಾಂಕ್ವೆಟ್ ಡೈರಿ ನೋಡದೇ ಮಾತು ಕೊಟ್ಟುಬಿಡುತ್ತಾರೆ.

ಕಿಟಕಿಪಕ್ಕ, ನೀವು ಬುಕ್ ಮಾಡುವ ಮೊದಲೇ ಒಂದು ಸಾಲು ಬರೆದು ಕೇಳಿ: 'ನಾವು ಇರುವ ದಿನಗಳಲ್ಲಿ ತೋಟದಲ್ಲಿ ಕಾರ್ಯಕ್ರಮ ಇದೆಯಾ, ತೋಟ ಯಾವ ಹೊತ್ತಿನಲ್ಲಾದರೂ ಮುಚ್ಚಿರುತ್ತದಾ?' ಉತ್ತರ ಮೇಲ್‌ನಲ್ಲೇ ಬರಲಿ. ಫೋನಿನಲ್ಲಿ ಹೇಳಿದ್ದಕ್ಕೆ ಕೌಂಟರ್‌ನಲ್ಲಿ ಬೆಲೆ ಇಲ್ಲ. ಶನಿವಾರ ಭಾನುವಾರ ತಪ್ಪಿಸಿದರೆ ಅರ್ಧ ತಲೆನೋವು ಕಡಿಮೆ.

ಮಾಲಿ ಮನೆ

ತೋಟ ನೋಡಿಕೊಳ್ಳುವುದೇ ನನ್ನ ಕೆಲಸ, ಹೋಟೆಲ್ ತೋಟಗಳನ್ನೂ ನೋಡಿಕೊಂಡಿದ್ದೇನೆ. ಇಲ್ಲಿ ಯಾರೂ ಕಾಲಮಾನದ ಬಗ್ಗೆ ಹೇಳಲಿಲ್ಲ.

ಯೂರೋಪಿನ ತಂಪು ಊರುಗಳಲ್ಲಿ ಚಳಿಗಾಲಕ್ಕೆ ಎಲೆ ಉದುರುವ ಮರಗಳೇ ಜಾಸ್ತಿ. ಬೇಸಿಗೆಯ ಫೋಟೋದಲ್ಲಿ ದಟ್ಟ ಹಸಿರು. ಜನವರಿಯಲ್ಲಿ ಹೋದರೆ ಬರೀ ಕೊಂಬೆ, ಆಚೆ ಕಟ್ಟಡದ ಕಿಟಕಿಗಳು. ಆಗ ತೋಟದ ರೂಮಿಗೆ ಜಾಸ್ತಿ ಕೊಡುವುದು ವ್ಯರ್ಥ. ರೋಮ್ ಕಡೆ ಸೈಪ್ರೆಸ್, ಕಿತ್ತಳೆ ಜಾತಿಯ ಗಿಡಗಳು ವರ್ಷವಿಡೀ ಹಸಿರಾಗಿರುತ್ತವೆ, ಅಲ್ಲಿ ಪರವಾಗಿಲ್ಲ. ವಸಂತದಲ್ಲಿ ಹೋದರೆ ಹೂವಿನ ಪರಾಗ ಜಾಸ್ತಿ. ಅಮ್ಮನಿಗೆ ಅಲರ್ಜಿ, ಉಬ್ಬಸ ಇದ್ದರೆ ನೆನಪಿರಲಿ.

ಶಬ್ದದ ಬಗ್ಗೆ: ತೋಟ ಇದ್ದ ಮಾತ್ರಕ್ಕೆ ನಿಶ್ಶಬ್ದ ಅಂದುಕೊಳ್ಳಬೇಡಿ. ಒಂದು ಸಾಲು ಮರ ಟ್ರಾಫಿಕ್ ಸದ್ದನ್ನು ತಡೆಯುವುದು ತೀರಾ ಕಡಿಮೆ. ತಡೆಯುವುದು ಕಟ್ಟಡ. ತೋಟದ ನಾಲ್ಕೂ ಕಡೆ ಕಟ್ಟಡ ಸುತ್ತುವರಿದಿದ್ದರೆ ಒಳಗೆ ಬೇರೆಯೇ ಲೋಕ. ರಸ್ತೆಗೂ ತೋಟಕ್ಕೂ ನಡುವೆ ಬರೀ ಬೇಲಿ ಇದ್ದರೆ ಹಸಿರು ಕಾಣುತ್ತದೆ, ಹಾರ್ನೂ ಕೇಳುತ್ತದೆ. ಮ್ಯಾಪಿನಲ್ಲಿ ಮೇಲಿನಿಂದ ತೆಗೆದ ಚಿತ್ರ ನೋಡಿದರೆ ಇದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಹಾಗೇ, ವಸಂತಕಾಲದಲ್ಲಿ ಕಪ್ಪುಹಕ್ಕಿಗಳು ಸೂರ್ಯ ಹುಟ್ಟುವುದಕ್ಕೆ ಮೊದಲೇ ಹಾಡಲು ಶುರು ಮಾಡುತ್ತವೆ. ನನಗೆ ಅದು ಪ್ರಾಣ. ಎಚ್ಚರ ನಿದ್ದೆಯವರು ಕಿಟಕಿ ಮುಚ್ಚಿ ಮಲಗಿ.

ಸೊಳ್ಳೆಗೆ ಹೆದರಿ ಕೊಳ ಇರುವ ತೋಟ ಬೇಡ ಅನ್ನುವವರಿದ್ದಾರೆ. ಮೀನು ಇರುವ ಕೊಳ, ನೀರು ಓಡಾಡುವ ಕಾರಂಜಿ ಇವುಗಳಿಂದ ಅಷ್ಟು ತೊಂದರೆ ಇಲ್ಲ. ಮೀನು ಮರಿಹುಳಗಳನ್ನು ತಿಂದುಬಿಡುತ್ತದೆ. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರೇ ನಿಜವಾದ ಶತ್ರು. ಬೇಸಿಗೆಯಲ್ಲಿ ಒಂದು ವಾರ, ಹತ್ತು ದಿನ ನಿಂತರೆ ಸಾಕು, ಮೊಟ್ಟೆಯಿಂದ ಸೊಳ್ಳೆ ಹಾರುತ್ತದೆ. ಹೋದ ದಿನ ನಿಮ್ಮ ಟೆರೇಸಿನ ಕುಂಡಗಳನ್ನು ಒಮ್ಮೆ ನೋಡಿ, ನೀರಿದ್ದರೆ ಚೆಲ್ಲಿಸಿ.

ಎಲೆ ಊದುವ ಯಂತ್ರ ಎಷ್ಟು ಹೊತ್ತಿಗೆ ಓಡಿಸುತ್ತಾರೆ ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಕೇಳಿದರೆ ನಾವು ಹೊತ್ತು ಬದಲಾಯಿಸುತ್ತೇವೆ.

ಹಸಿರುಹಾದಿ

ಟೋಕಿಯೋ ಬಗ್ಗೆ ನಾನು ಹೇಳುತ್ತೇನೆ. ಹೋಟೆಲ್ ಚಿನ್ಜಾನ್ಸೊ ನನ್ನ ಅಚ್ಚುಮೆಚ್ಚು. 1878ರಲ್ಲಿ ಜಪಾನಿನ ಸೇನಾನಾಯಕ, ರಾಜಕಾರಣಿ ಯಮಗಾತ ಅರಿತೊಮೊ ಆ ಜಾಗ ಕೊಂಡು ತೋಟ ಮಾಡಿಸಿದರು. ಒಳಗಿರುವ ಮೂರು ಅಂತಸ್ತಿನ ಪಗೋಡವನ್ನು 1925ರಲ್ಲಿ ಹಿರೋಷಿಮಾ ಕಡೆಯ ದೇವಾಲಯದಿಂದ ತಂದು ನಿಲ್ಲಿಸಿದ್ದು. ಬೇಸಿಗೆಯ ಆರಂಭದಲ್ಲಿ ಮಿಂಚುಹುಳ ನೋಡಬಹುದು, ಅಷ್ಟು ದೊಡ್ಡ ಊರಿನ ಒಳಗೆ! 2020ರಿಂದ ತೋಟದಲ್ಲಿ ಮಂಜಿನಂತೆ ನೀರಿನ ಹನಿ ಬಿಡುತ್ತಾರೆ. ಕೊಳ, ಮರ, ಪಗೋಡ ಎಲ್ಲ ಒಂದೊಂದಾಗಿ ಮುಚ್ಚಿಕೊಂಡು, ಸ್ವಲ್ಪ ಹೊತ್ತಿನಲ್ಲಿ ಮತ್ತೆ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ನನ್ನ ಮಗಳು ಅಲ್ಲಾಡದೆ ನಿಂತು ನೋಡಿದಳು.

ಆದರೆ ಅದು ಗುಡ್ಡದ ಇಳಿಜಾರಿನ ತೋಟ. ಮೆಟ್ಟಿಲು ಇವೆ. ನ್ಯೂ ಓತಾನಿಯ ತೋಟವೂ ದೊಡ್ಡದು, ಸುಮಾರು 10 ಎಕರೆ, 400 ವರ್ಷಗಳ ಇತಿಹಾಸ. ಹೋಟೆಲ್ ಶುರುವಾದದ್ದು 1964ರಲ್ಲಿ, ಟೋಕಿಯೋ ಒಲಿಂಪಿಕ್ಸ್ ವರ್ಷ. ಅಲ್ಲೂ ಏರಿಳಿತ ಇದೆ. ಜಪಾನಿನ ಇಂಥ ತೋಟಗಳು ಸುತ್ತಾಡುತ್ತಾ ನೋಡಲು ಮಾಡಿದವು. ಪ್ರತಿ ತಿರುವಿನಲ್ಲೂ ಬೇರೆ ನೋಟ. ಒಂದೇ ಕಡೆ ಕೂರುವವರಿಗೆ ಅರ್ಧ ಮಾತ್ರ ಸಿಗುತ್ತದೆ. ಅಮ್ಮನಿಗೆ ಅಂತ ಕೇಳಿದರೆ ಟೋಕಿಯೋ ಈ ಸಲ ಬೇಡ ಅನ್ನುತ್ತೇನೆ.

ಬೀಗದ ಕೈ

ಲಂಡನ್‌ನಲ್ಲಿ ಎರಡು ಥರ ಇದೆ. ಒಂದು, ಹೋಟೆಲ್‌ನ ಬೆನ್ನಿಗೇ ಇರುವ ತೋಟ. ದಿ ಗೋರಿಂಗ್ ಹಾಗಿದೆ. 1910ರ ಹೋಟೆಲ್, ಬಕಿಂಗ್‌ಹ್ಯಾಮ್ ಅರಮನೆ ಹತ್ತಿರ. 2011ರಲ್ಲಿ ಕೇಟ್ ಮಿಡಲ್‌ಟನ್ ಮದುವೆಯ ಹಿಂದಿನ ರಾತ್ರಿ ಉಳಿದದ್ದು ಇಲ್ಲೇ. ಹಿಂದೆ ದೊಡ್ಡ ಹುಲ್ಲುಹಾಸು. ಇನ್ನೊಂದು, ಬೇಲಿ ಹಾಕಿ ಬೀಗ ಹಾಕಿರುವ ಚೌಕದ ತೋಟಗಳು. ಸುತ್ತಲಿನ ಮನೆಯವರ ಹತ್ತಿರ ಮಾತ್ರ ಬೀಗದ ಕೈ ಇರುತ್ತದೆ. ಸ್ಲೋನ್ ಸ್ಟ್ರೀಟಿನ ಕಡೋಗನ್ ಹೋಟೆಲ್ ಅತಿಥಿಗಳಿಗೆ ಕಡೋಗನ್ ಪ್ಲೇಸ್ ತೋಟಕ್ಕೆ ಹೋಗಲು ಅವಕಾಶ ಇದೆ. ಒಳಗೆ ಜನವೇ ಇರುವುದಿಲ್ಲ, ಅಷ್ಟು ಪ್ರಶಾಂತ. ಆದರೆ ರಸ್ತೆ ದಾಟಬೇಕು, ಗೇಟು ತೆಗೆಯಬೇಕು. ನಿಂಬೆಗಿಡ ಅಕ್ಕ ಹೇಳಿದ ಹಾಗೆ ಅಮ್ಮ ಒಬ್ಬರೇ ಹೋಗಿ ಬರಬೇಕು ಅಂದರೆ ಮೊದಲನೆಯದೇ ಸರಿ.

ಉಪ್ಪುಗಾಳಿ

ಪಟ್ಟಿಯಲ್ಲಿ ಮೊರಾಕ್ಕೊದ ಮರಾಕೆಶ್ ಇಲ್ಲ, ಆದರೂ ಹೇಳಿಬಿಡುತ್ತೇನೆ. ಲಾ ಮಮೂನಿಯಾ, 1923ರ ಹೋಟೆಲ್, ಹಳೇ ಊರಿನ ಗೋಡೆಯ ಒಳಗೇ ಸುಮಾರು 8 ಹೆಕ್ಟೇರ್ ತೋಟ. ಹಳೆಯ ಆಲಿವ್ ಮರಗಳ ಸಾಲು, ಕಿತ್ತಳೆ ಗಿಡಗಳು. ತೋಟ ಹೋಟೆಲ್‌ಗಿಂತ ಹಳೆಯದು, 18ನೇ ಶತಮಾನದ್ದು. ಮುಂದಿನ ಸಲಕ್ಕೆ ಬರೆದಿಟ್ಟುಕೊಳ್ಳಿ.

ದಾರಿಹೋಕ

ಎಲ್ಲ ಓದಿದೆ. ಬೆಳಿಗ್ಗೆ ಹೊರಟು ರಾತ್ರಿ ಬರುವವರಿಗೆ ಈಗಲೂ ನನ್ನ ಮಾತು ಅದೇ, ದುಡ್ಡು ದಂಡ. ತೋಟ ಇರುವ ಹೋಟೆಲ್ ತಗೊಂಡರೆ ದಿನದ ಅರ್ಧ ಅಲ್ಲೇ ಕಳೆಯುವ ಹಾಗೆ ಪ್ಲಾನ್ ಮಾಡಬೇಕು. ಕಿಟಕಿಪಕ್ಕ ಅವರ ಅಮ್ಮನ ವಿಷಯದಲ್ಲಿ ಅದು ಹಾಗೇ ಇದೆ, ಹಾಗಾಗಿ ಅವರು ತಗೊಳ್ಳಲಿ. ಒಂದು ಸಲಹೆ: ಇಡೀ ಪ್ರವಾಸಕ್ಕೆ ಬೇಡ. ಕೊನೆಯ ಒಂದು ಊರಿಗೆ ಮಾತ್ರ ಮಾಡಿ. ಸುತ್ತಾಟ ಮುಗಿದು ಸುಸ್ತಾದಾಗ ತೋಟದ ಬೆಲೆ ಜಾಸ್ತಿ.

ಕಿಟಕಿಪಕ್ಕ

ದಾರಿಹೋಕ ಸರ್, ಈ ಸಲಹೆ ಮನೆಯಲ್ಲಿ ಎಲ್ಲರಿಗೂ ಹಿಡಿಸಿತು. ತಮ್ಮನೂ ಒಪ್ಪಿದ. ಇಟಲಿಯೇ ಅಂತ ತೀರ್ಮಾನ ಆಯಿತು. ಮೊದಲ ಊರುಗಳಲ್ಲಿ ಮಾಮೂಲಿ ಹೋಟೆಲ್, ಕೊನೆಯಲ್ಲಿ ತೋಟದ ಹೋಟೆಲ್.

ಎರಡು ಹೋಟೆಲ್‌ಗೆ ಮೇಲ್ ಹಾಕಿದ್ದೆ. ಒಂದು ಕಡೆಯಿಂದ 'ನಮ್ಮ ಸುಂದರ ತೋಟಕ್ಕೆ ಸ್ವಾಗತ' ಅಂತ ಸಿದ್ಧ ಉತ್ತರ ಬಂತು. ಒಂದು ಪ್ರಶ್ನೆಗೂ ಉತ್ತರ ಇಲ್ಲ. ಇನ್ನೊಂದು ಕಡೆಯವರು ಎಲ್ಲದಕ್ಕೂ ಬರೆದಿದ್ದಾರೆ. ಬಾಗಿಲಿನಿಂದ ಮೊದಲ ಬೆಂಚಿನವರೆಗೆ ಕಲ್ಲುಹಾಸು, ಅದರ ಆಚೆ ಜಲ್ಲಿ. ನಾವು ಕೇಳಿದ ಶನಿವಾರ ಸಂಜೆ ತೋಟದಲ್ಲಿ ಕಾರ್ಯಕ್ರಮ ಇದೆಯಂತೆ, ಅದನ್ನೂ ಅವರೇ ಹೇಳಿದರು. ಸೋಮವಾರದಿಂದ ಗುರುವಾರಕ್ಕೆ ಬದಲಾಯಿಸಿಕೊಂಡೆ. ಕೈ ಇರುವ ಕುರ್ಚಿ ಹಾಕಿಸುತ್ತೇವೆ ಅಂದಿದ್ದಾರೆ. ನಡೆಮಡಿ ಅವರಿಗೆ ಅಮ್ಮನ ಕಡೆಯಿಂದ ಥ್ಯಾಂಕ್ಸ್.

ರೂಮು ಒಂದನೇ ಮಹಡಿ ಸಿಕ್ಕಿದೆ, ತೋಟದ ಕಡೆ. ಕೆಳಗೆ ರೆಸ್ಟೋರೆಂಟ್ ಇದೆಯಾ ಅಂತ ಕೇಳುವುದು ಬಾಕಿ.

ಹಳೇ ಫ್ರಂಟ್ ಆಫೀಸ್

ಅದನ್ನು ಇವತ್ತೇ ಕೇಳಿ. ಟೇಬಲ್‌ಗಳಿದ್ದರೆ ರಾತ್ರಿ ಎಷ್ಟು ಹೊತ್ತಿಗೆ ಎತ್ತುತ್ತಾರೆ ಅಂತಲೂ ಕೇಳಿ. ಅಡುಗೆಮನೆಯ ಹೊಗೆ ಹೋಗುವ ಫ್ಯಾನ್ ಯಾವ ಗೋಡೆಗಿದೆ ಅನ್ನುವುದೂ ಮುಖ್ಯ. ಕೆಳಗೇ ಇದ್ದರೆ ಅದೇ ದರದಲ್ಲಿ ಅದೇ ಸಾಲಿನ ಆಚೆ ತುದಿಯ ರೂಮು ಕೇಳಿ. ಇಷ್ಟು ಮುಂಚೆ ಕೇಳಿದರೆ ಖಂಡಿತ ನೋಡುತ್ತಾರೆ. ವಿಮಾನ ನಿಲ್ದಾಣದಲ್ಲಿ ಅಮ್ಮನಿಗೆ ವೀಲ್‌ಚೇರ್ ಬೇಕಿದ್ದರೆ ಏರ್‌ಲೈನ್‌ಗೆ ಬೇರೆಯಾಗಿ ಬರೆಯಬೇಕು, ಹೋಟೆಲ್‌ನವರಿಂದ ಅದು ಆಗುವುದಿಲ್ಲ. ಕಡಿಮೆ ಅಂದರೂ 48 ಗಂಟೆ ಮೊದಲು ಹೇಳಿ.